ಪುಣೆಯ ಮೀನು ಕಾವೇರಿಗೆ ಹೋದ ಕಥೆ: ಗಾಳ ಹಾಕುವವರು ತಿಳಿದಿರಬೇಕಾದ ನಿಯಮಗಳು

(ವಿಡಿಯೋದಲ್ಲಿ ಬಂದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

 

ಮಳೆ ಕಡಿಮೆಯಾದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಪ್ರಶ್ನೆಗಳು ಶುರುವಾಗ್ತವೆ. ಶನಿವಾರ ಪವನಾ ಕಡೆ ಹೋಗ್ತಿದ್ದೀವಿ, ಗಾಳ ಹಾಕಬಹುದಾ? ಮುಳಶಿಯಲ್ಲಿ ಲೈಸೆನ್ಸ್ ಕೇಳ್ತಾರಾ? ಊರಿಗೆ ಹೋದಾಗ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿಯಬಹುದಾ? ಆನ್‌ಲೈನ್‌ನಲ್ಲಿ ರಾಡು, ರೀಲು ತರಿಸಿಕೊಂಡವರು ಬಹಳ ಜನ ಇದ್ದಾರೆ. ರಾಡಿನ ಜೊತೆ ನಿಯಮದ ಪುಸ್ತಕ ಯಾರೂ ಕಳಿಸೋದಿಲ್ಲ.

ಇವತ್ತು ಆ ನಿಯಮಗಳ ಬಗ್ಗೆ ಮಾತಾಡೋಣ. ಆದರೆ ಬರೀ 'ಇದು ಮಾಡಿ, ಅದು ಮಾಡಬೇಡಿ' ಅಂತ ಪಟ್ಟಿ ಓದಿದರೆ ಮನೆಗೆ ಹೋಗೋಷ್ಟರಲ್ಲಿ ಮರೆತುಹೋಗುತ್ತೆ. ಆ ನಿಯಮ ಯಾಕೆ ಬಂತು ಅಂತ ಗೊತ್ತಿದ್ದರೆ ಮರೆಯೋದಿಲ್ಲ. ಅದಕ್ಕೆ ಮೊದಲು ಒಂದು ಮೀನಿನ ಕಥೆ ಹೇಳ್ತೀನಿ. ನಾವೆಲ್ಲ ಕರ್ನಾಟಕದಿಂದ ಪುಣೆಗೆ ಬಂದವರು. ಈ ಮೀನು ಪುಣೆಯಿಂದ ಕರ್ನಾಟಕಕ್ಕೆ ಹೋದದ್ದು.

ಪುಣೆ ವಿಳಾಸದ ಮೀನು

ಮಹಶೀರ್ ಅನ್ನೋದು ಒಂದೇ ಮೀನಲ್ಲ, ಅದೊಂದು ದೊಡ್ಡ ಕುಟುಂಬ. ದೊಡ್ಡ ದೊಡ್ಡ ಹುರುಪೆ, ದಪ್ಪ ತುಟಿ, ಬಾಯಿ ಪಕ್ಕದಲ್ಲಿ ಎರಡು ಜೊತೆ ಮೀಸೆ, ಹರಿಯೋ ನೀರಿನಲ್ಲಿ ಎದುರು ಈಜೋ ಶಕ್ತಿ. ಗಾಳಕ್ಕೆ ಸಿಕ್ಕಾಗ ಅದು ಎಳೆಯೋ ರಭಸಕ್ಕೇ ದೇಶವಿದೇಶದವರು ಅದನ್ನು ಹುಡುಕಿಕೊಂಡು ಬರ್ತಿದ್ದರು. ನಮ್ಮ ಕಾವೇರಿ ದಡದವರು ಬಿಳಿಮೀನು ಅಂತಾರೆ.

ಈ ಕುಟುಂಬದಲ್ಲಿ ದಖ್ಖನ್ ಮಹಶೀರ್ ಅಂತ ಒಂದಿದೆ. ಅದರ ಈಜುರೆಕ್ಕೆಗೆ ನೀಲಿ ಛಾಯೆ ಇರೋದರಿಂದ ನೀಲಿ ರೆಕ್ಕೆಯ ಮಹಶೀರ್ ಅಂತಲೂ ಕರೀತಾರೆ. ವಿಜ್ಞಾನದ ಹೆಸರು ಟಾರ್ ಖುದ್ರೀ. ಈ ಹೆಸರು ಕೊಟ್ಟವರು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. ಬಾಂಬೆ ಸರ್ಕಾರಕ್ಕೆ ದಖ್ಖನ್ನಿನ ಅಂಕಿಅಂಶ ಸಂಗ್ರಹಿಸುವ ಕೆಲಸದಲ್ಲಿದ್ದ ಅಧಿಕಾರಿ. ಆ ಕೆಲಸದ ಜೊತೆಗೇ ಪಕ್ಷಿ, ಮೀನು ಎಲ್ಲವನ್ನೂ ದಾಖಲಿಸಿದರು. 1839ರಲ್ಲಿ ಈ ಮೀನಿನ ವಿವರಣೆ ಪ್ರಕಟವಾಯಿತು. ಮೀನು ಸಿಕ್ಕ ಜಾಗ ಅಂತ ಅವರು ಬರೆದದ್ದು ಪುಣೆಗೆ ಪೂರ್ವದ ಮುಳಾ-ಮುಠಾ ನದಿ.

ಪುಣೆಗೆ ಪೂರ್ವ ಅಂದರೆ ಇವತ್ತಿನ ಖರಾಡಿ, ಮಾಂಜರಿ ಇರೋ ದಿಕ್ಕು. ಖರಾಡಿಯ ಐಟಿ ಪಾರ್ಕಿನಲ್ಲಿ ಕೂತು ಕೆಲಸ ಮಾಡೋರು ಕಿಟಕಿಯಿಂದ ನೋಡೋ ಅದೇ ನದಿ. ಬೇಸಿಗೆಯಲ್ಲಿ ಜಲಕಳೆ ಹರಡಿಕೊಂಡು, ವಾಸನೆ ಹೊಡೆಯೋ ಅದೇ ನೀರು. ಪ್ರಪಂಚದ ವಿಜ್ಞಾನಿಗಳು ದಖ್ಖನ್ ಮಹಶೀರ್ ಬಗ್ಗೆ ಬರೆಯುವಾಗ ಅದರ ಮೂಲ ವಿಳಾಸ ಅಂತ ಕೊಡೋದು ಇದನ್ನೇ. ಆ ವಿಳಾಸದಲ್ಲಿ ಇವತ್ತು ಗಾಳ ಹಾಕಿದರೆ ಮಹಶೀರ್ ಸಿಗುತ್ತೆ ಅಂತ ಯಾರೂ ನಿರೀಕ್ಷೆ ಇಟ್ಟುಕೊಳ್ಳೋದಿಲ್ಲ.

ಈ ನೀರು ಮುಂದೆ ಎಲ್ಲಿಗೆ ಹೋಗುತ್ತೆ ಗೊತ್ತಲ್ವಾ? ಭೀಮೆಗೆ ಸೇರಿ, ಉಜನಿ, ಪಂಢರಪುರ ದಾಟಿ, ಅಫಜಲಪುರದ ಕಡೆಯಿಂದ ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗೆ ಬಂದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತೆ. ಅಂದರೆ ಈ ಮೀನು ಕೃಷ್ಣಾ ಕಣಿವೆಯದು. ಕಾವೇರಿ ಬೇರೆಯೇ ಕಣಿವೆ. ಕೃಷ್ಣೆಯ ಮೀನು ಎಷ್ಟು ಈಜಿದರೂ ತಾನಾಗಿಯೇ ಕಾವೇರಿಗೆ ಹೋಗೋದಕ್ಕೆ ದಾರಿ ಇಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾವೇರಿಯ ದೊಡ್ಡಣ್ಣ

ಈಗ ಮೈಸೂರು ಕಡೆ ಹೋಗೋಣ. ಕಾವೇರಿ ಕಣಿವೆಯಲ್ಲಿ ಬೇರೊಂದು ಮಹಶೀರ್ ಇದೆ. ತಲೆಯ ಹಿಂದೆ ಡುಬ್ಬ, ಮೈಗೆ ಬಂಗಾರದ ಹೊಳಪು, ರೆಕ್ಕೆ ಬಾಲಗಳಿಗೆ ಕಿತ್ತಳೆ ಬಣ್ಣ. ಇದೇ ಡುಬ್ಬದ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು, ಬೇಟೆಯ ಪ್ರಾಣಿಗಳಿಗೆ ಚರ್ಮ ತುಂಬಿ ಇಡೋದರಲ್ಲಿ ಹೆಸರಾದ ಅದೇ ಮನೆತನ, ಕಬಿನಿಯಲ್ಲಿ 120 ಪೌಂಡ್ ಮೀನು ಹಿಡಿದರು. ಅಂದರೆ ಸುಮಾರು 54 ಕೆಜಿ. ಒಬ್ಬ ಮನುಷ್ಯನ ತೂಕ!

ಆಮೇಲೆ ಸ್ವಾತಂತ್ರ್ಯ ಬಂತು, ಗಾಳದ ಶೋಕಿಯ ಸಾಹೇಬರು ಹೋದರು, ಮೀನಿನ ಕಥೆ ತಣ್ಣಗಾಯಿತು. ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯೋದು ಹೆಚ್ಚಾಯಿತು. ಸಿಡಿಮದ್ದು ಹಾಕಿದರೆ ಬೇಕಾದ ಒಂದು ಮೀನಿಗೆ ಮಡುವಿನಲ್ಲಿರೋ ಮರಿಗಳೆಲ್ಲ ಸತ್ತು ತೇಲ್ತವೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಹುಡುಗರ ತಂಡ ಬಂದು ಕಾವೇರಿಯಲ್ಲಿ ದೊಡ್ಡ ಮಹಶೀರ್ ಇನ್ನೂ ಇದೆ ಅಂತ ತೋರಿಸಿದಾಗ ಮತ್ತೆ ಹೊರಗಿನ ಪ್ರಪಂಚದ ಕಣ್ಣು ಇಲ್ಲಿಗೆ ತಿರುಗಿತು.

ಅಷ್ಟು ಹೊತ್ತಿಗೆ ನಮ್ಮವರೂ ಕೆಲಸ ಶುರು ಮಾಡಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಚಿಕ್ಕದಾಗಿ ವಾಸಿ ಅಂತಾರೆ, ಹೊಳೆಯ ಒಂದು ಭಾಗವನ್ನು ಗುತ್ತಿಗೆ ತೆಗೆದುಕೊಂಡು ಕಾವಲು ಹಾಕಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಕ್ಯಾಂಪ್ ಮಾಡಿತು. ನಿಯಮ ಒಂದೇ ಒಂದು, ಆದರೆ ಕಟ್ಟುನಿಟ್ಟು: ಹಿಡಿದ ಮೀನನ್ನು ಜೀವಂತ ಬಿಡಬೇಕು.

ಅಲ್ಲಿನ ಗೈಡುಗಳು ಯಾರು? ಹೊಳೆಯ ಒಂದೊಂದು ಬಂಡೆ, ಒಂದೊಂದು ಮಡು ಗೊತ್ತಿದ್ದ ಆ ಊರುಗಳವರೇ. ಹಿಂದೆ ಕದ್ದು ಮೀನು ಹಿಡೀತಿದ್ದವರಲ್ಲಿ ಕೆಲವರು ಅದೇ ಮೀನನ್ನು ಕಾಯೋ ಕೆಲಸಕ್ಕೆ ಸೇರಿದರು. ತೆಪ್ಪ ಹಾಕೋದು, ಮಡು ತೋರಿಸೋದು, ಗಾಳಕ್ಕೆ ಕಟ್ಟೋ ಎರೆ ಮಾಡೋದು ಎಲ್ಲ ಅವರದೇ. ಎರೆ ಏನು ಗೊತ್ತಾ? ರಾಗಿ! ರಾಗಿ ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಮೆತ್ತೋದು. ಲಂಡನ್ನಿನಿಂದ ಬಂದವರು ದುಬಾರಿ ರಾಡು ಹಿಡಿದುಕೊಂಡು, ತುದಿಗೆ ನಮ್ಮ ಮುದ್ದೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರ್ತಿದ್ದರು.

ಲೋಣಾವಳದಿಂದ ಹೊರಟ ಮರಿಗಳು

ಇಲ್ಲಿಗೆ ಪುಣೆ ಮತ್ತೆ ಬರುತ್ತೆ. ಲೋಣಾವಳದ ವಲವಣ ಕೆರೆ ನೀವು ನೋಡಿರ್ತೀರಿ. ಟಾಟಾದವರ ಜಲವಿದ್ಯುತ್ ಯೋಜನೆಗೆ ಕಟ್ಟಿದ್ದು. ಅಣೆಕಟ್ಟು ಕಟ್ಟಿದರೆ ಮಹಶೀರ್‌ಗೆ ದೊಡ್ಡ ತೊಂದರೆ. ಮಳೆಗಾಲದಲ್ಲಿ ಮೊಟ್ಟೆ ಇಡೋದಕ್ಕೆ ಅದು ಪ್ರವಾಹದ ಎದುರು ಈಜಿ ಮೇಲಿನ ಕಲ್ಲುಹಾಸಿನ ತಿಳಿನೀರಿಗೆ ಹೋಗಬೇಕು. ನಡುವೆ ಗೋಡೆ ಬಂದರೆ ಎಲ್ಲಿಗೆ ಹೋಗುತ್ತೆ? ಜೊತೆಗೆ ಕಾಟ್ಲಾ, ರೋಹುಗಳ ಥರ ಲಕ್ಷಗಟ್ಟಲೆ ಮೊಟ್ಟೆ ಇಡೋ ಮೀನೂ ಅಲ್ಲ, ಬೆಳೆಯೋದೂ ನಿಧಾನ.

ಅದಕ್ಕೆ 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರದಲ್ಲಿ ಸಿ. ವಿ. ಕುಲಕರ್ಣಿ, ಎಸ್. ಎನ್. ಓಗಲೆ ಮುಂತಾದವರು ಮಹಶೀರ್ ಮೊಟ್ಟೆಯನ್ನು ಕೈಯಿಂದಲೇ ತೆಗೆದು, ಫಲಗೊಳಿಸಿ, ಹರಿಯೋ ನೀರಿನ ತಟ್ಟೆಗಳಲ್ಲಿ ಮರಿ ಮಾಡೋ ವಿಧಾನವನ್ನು ಬೆಳೆಸಿದರು. ಅಳಿದೇ ಹೋಗುತ್ತೆ ಅಂತ ಹೆದರಿದ್ದ ಮೀನನ್ನು ಉಳಿಸೋ ನಿಜವಾದ ಕೆಲಸ ಅದು. ಅಲ್ಲಿಂದ ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು. ಕರ್ನಾಟಕಕ್ಕೂ ಬಂದವು. ಆಮೇಲೆ ಕೊಡಗಿನ ಹಾರಂಗಿಯಲ್ಲಿ ನಮ್ಮ ಮೀನುಗಾರಿಕೆ ಇಲಾಖೆಯೇ ಮಹಶೀರ್ ಮರಿ ಮಾಡೋಕೆ ಶುರು ಮಾಡಿತು.

ಕಾವೇರಿಯಲ್ಲಿ ಮಹಶೀರ್ ಕಡಿಮೆಯಾಗಿದೆ, ಲೋಣಾವಳದಲ್ಲಿ ಮಹಶೀರ್ ಮರಿ ಇದೆ, ತಂದು ಬಿಡೋಣ. ಯಾರಿಗಾದರೂ ಒಳ್ಳೆಯದು ಅಂತಲೇ ಅನ್ನಿಸುತ್ತೆ. ಬಿಟ್ಟರು. ಆದರೆ ಬಿಟ್ಟದ್ದು ಡುಬ್ಬದ ಮಹಶೀರ್ ಅಲ್ಲ, ನೀಲಿ ರೆಕ್ಕೆಯದು. ಕೃಷ್ಣಾ ಕಣಿವೆಯ ಮೀನು ಕಾವೇರಿಗೆ ಲಾರಿಯಲ್ಲಿ ಹೋಯಿತು.

ಡ್ಯಾಶ್‌ಬೋರ್ಡ್ ಹಸಿರಾಗಿತ್ತು

ಗಾಳಿಬೋರೆ ಕ್ಯಾಂಪಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಯಾರು ಬಂದರು, ಎಷ್ಟು ಗಂಟೆ ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕ ಎಷ್ಟು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡೋದು. ಬರೆಯುವಾಗ ಇದು ವಿಜ್ಞಾನಕ್ಕೆ ಬೇಕಾಗುತ್ತೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. ಸುಮ್ಮನೆ ಲಾಗ್.

ನಮ್ಮ ಕೆಲಸದಲ್ಲೂ ಲಾಗ್ ಅಂದರೆ ಹಾಗೇ ಅಲ್ವಾ? ಎಲ್ಲ ಸರಿಯಾಗಿ ನಡೀವಾಗ ಯಾರೂ ತೆರೆದು ನೋಡೋದಿಲ್ಲ. ಪ್ರೊಡಕ್ಷನ್ ಬಿದ್ದಾಗ ಅದೇ ದೇವರು.

ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ಮೀನುವಿಜ್ಞಾನಿಗಳು ಈ ಪುಸ್ತಕಗಳನ್ನು ಕೂತು ಲೆಕ್ಕ ಹಾಕಿದರು. 2015ರಲ್ಲಿ ಅವರ ಪ್ರಬಂಧಗಳು ಬಂದವು. 1998ರಿಂದ 2012ರವರೆಗಿನ ಲೆಕ್ಕ: 23,620 ಗಂಟೆಗಳ ಗಾಳ, 6,161 ಮಹಶೀರ್. ಅರ್ಧ ಕೆಜಿಗಿಂತ ಚಿಕ್ಕದರಿಂದ ಹಿಡಿದು 46.8 ಕೆಜಿವರೆಗೆ.

ಮೊದಲ ನೋಟಕ್ಕೆ ಖುಷಿಯ ಸುದ್ದಿ. ವರ್ಷದಿಂದ ವರ್ಷಕ್ಕೆ, ಗಂಟೆಗೆ ಸಿಗೋ ಮಹಶೀರ್ ಸಂಖ್ಯೆ ಹೆಚ್ಚಾಗ್ತಾ ಹೋಗಿತ್ತು. ಕಾವಲು ಹಾಕಿದ್ದು, ಹಿಡಿದು ಬಿಟ್ಟಿದ್ದು ಸಾರ್ಥಕ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರು.

ಆದರೆ ಒಟ್ಟು ಲೆಕ್ಕವನ್ನು ಜಾತಿವಾರು ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಬಂತು. ಹೆಚ್ಚಾಗ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್, ಹೊರಗಿನಿಂದ ತಂದು ಬಿಟ್ಟದ್ದು. ಡುಬ್ಬದ ಮಹಶೀರ್ ಸಿಗೋದು ಕಡಿಮೆಯಾಗ್ತಾ ಇತ್ತು. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದು: ಸಿಕ್ಕ ಡುಬ್ಬದ ಮೀನುಗಳ ಸರಾಸರಿ ತೂಕ ಏರ್ತಾ ಹೋಗಿತ್ತು. ತೂಕ ಏರಿದರೆ ಒಳ್ಳೆಯದಲ್ವಾ ಅಂತ ಕೇಳಬಹುದು. ಅಲ್ಲ. ಒಂದು ಊರಿಗೆ ಹೋದಾಗ ಬರೀ ಅಜ್ಜ ಅಜ್ಜಿಯರೇ ಕಾಣ್ತಾರೆ, ಮಕ್ಕಳೇ ಕಾಣೋದಿಲ್ಲ ಅಂದರೆ ಆ ಊರಿನ ಮುಂದಿನ ಕಥೆ ಏನು? ನಮ್ಮ ಎಷ್ಟೋ ಊರುಗಳು ಈಗ ಹಾಗೇ ಇವೆ, ಬಿಡಿ. ಮೀನಿನ ವಿಷಯದಲ್ಲಿ ಅದರ ಅರ್ಥ ಇಷ್ಟೇ: ಹಳೆಯ ಮೀನು ಮುದಿಯಾಗ್ತಿವೆ, ಹೊಸ ಮರಿ ಬರ್ತಾ ಇಲ್ಲ.

ನೀಲಿ ರೆಕ್ಕೆಯದೇ ಡುಬ್ಬದ ಮೀನನ್ನು ಮುಗಿಸಿತು ಅಂತ ಹೇಳಿಬಿಡೋದು ನ್ಯಾಯ ಅಲ್ಲ. ಅಣೆಕಟ್ಟು, ಮರಳು ತೆಗೆಯೋದು, ಸಿಡಿಮದ್ದು, ಕೊಳಕು ನೀರು ಎಲ್ಲದರ ಪಾಲೂ ಇದೆ. ಆದರೆ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಕೊಡೋ ಹೊಸ ನೆಂಟನನ್ನು ನಾವೇ ಕರೆದು ತಂದದ್ದಂತೂ ನಿಜ. ಮತ್ತೆ, ಆ ನೆಂಟನ ಸಂಖ್ಯೆ ಸೇರಿಸಿಕೊಂಡು 'ಮಹಶೀರ್ ಹೆಚ್ಚಾಗಿದೆ' ಅಂತ ಎಲ್ಲರೂ ನೆಮ್ಮದಿಯಾಗಿದ್ದದ್ದೂ ನಿಜ.

ಹೆಸರೇ ಇಲ್ಲದ ಮೀನಿಗೆ ಕಾನೂನು ಹೇಗೆ?

ಇದಕ್ಕೆ ಇನ್ನೊಂದು ತೊಡಕು. ಡುಬ್ಬದ ಮಹಶೀರ್‌ಗೆ ಸರಿಯಾದ ವಿಜ್ಞಾನದ ಹೆಸರೇ ಇರಲಿಲ್ಲ. ಎಷ್ಟೋ ಪುಸ್ತಕಗಳಲ್ಲಿ ಅದನ್ನು ಮುಸಲ್ಲಾ ಅಂತ ಕರೀತಿದ್ದರು. ಆ ಹೆಸರೂ ಸೈಕ್ಸ್ ಸಾಹೇಬರೇ ಕೊಟ್ಟದ್ದು, ಅದೂ ನಮ್ಮ ಪುಣೆ ಜಿಲ್ಲೆಯ ಶಿರೂರಿನ ಹತ್ತಿರ ಘೋಡ್ ನದಿಯಲ್ಲಿ ಸಿಕ್ಕ ಮೀನಿಗೆ. ಅದು ಮಹಶೀರೇ ಅಲ್ಲ, ಬೇರೆ ಕುಲದ್ದು ಅಂತ ಆಮೇಲೆ ತೀರ್ಮಾನವಾಯಿತು. ಅಂದರೆ ಕಾವೇರಿಯ ಮೀನು ಪುಣೆಯ ಇನ್ನೊಂದು ಮೀನಿನ ಹೆಸರಲ್ಲಿ ಓಡಾಡ್ತಿತ್ತು!

2018ರಲ್ಲಿ ಈ ಗಂಟು ಬಿಚ್ಚಿತು. ಕೇರಳದ ಪಾಂಬಾರ್, ಅದೂ ಕಾವೇರಿಯ ಉಪನದಿಯೇ, ಅಲ್ಲಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿ ಅನ್ನೋ ಮೀನೂ ಈ ಡುಬ್ಬದ ಮಹಶೀರೂ ಒಂದೇ ಅಂತ ಗೊತ್ತಾಯಿತು. ಹೆಸರು ಸಿಕ್ಕ ಮೇಲೆ ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದಕ್ಕೆ ಜಾಗವೂ ಸಿಕ್ಕಿತು: ಅಳಿವಿನ ಅತಿ ಗಂಭೀರ ಅಪಾಯದ ವರ್ಗ. ಅದರ ನಂತರದ ಮೆಟ್ಟಿಲು ಅಂದರೆ ಕಾಡಿನಲ್ಲಿ ಇಲ್ಲವೇ ಇಲ್ಲ ಅನ್ನೋದು. ಹುಲಿಗಿಂತ ಹೆಚ್ಚು ಅಪಾಯದಲ್ಲಿರೋ ಮೀನು ಅಂತ ಆಗ ಪತ್ರಿಕೆಗಳಲ್ಲಿ ಬಂದದ್ದು ಅದಕ್ಕೇ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಈ ಮೀನು ಇನ್ನೂ ಉಳಿದಿದೆ.

ಹಾಗಾದರೆ ನಮ್ಮ ಪುಣೆಯ ನೀಲಿ ರೆಕ್ಕೆಯ ಮಹಶೀರ್? ಅದು ಅಪಾಯದ ಪಟ್ಟಿಯಿಂದ ಇಳಿದು 'ಸದ್ಯಕ್ಕೆ ಚಿಂತೆ ಇಲ್ಲ' ಅನ್ನೋ ವರ್ಗಕ್ಕೆ ಬಂದಿದೆ. ಒಂದು ಮೀನು ಉಳಿಯಿತು. ಅದಕ್ಕೆ ಸಂತೋಷಪಡೋಣ. ಆದರೆ ಇನ್ನೊಂದು ನಮ್ಮ ಕಣ್ಣೆದುರೇ ಹೋಗ್ತಾ ಇದೆ.

ಈಗ ಕಾನೂನಿಗೆ ಬರೋಣ

ಇಷ್ಟು ಹಿನ್ನೆಲೆ ಇದ್ದರೆ ನಿಯಮಗಳು ತಾವಾಗಿಯೇ ಅರ್ಥವಾಗ್ತವೆ.

ಮೊದಲನೆಯದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ. ಸಿಡಿಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯೋದು ಅಪರಾಧ ಅಂತ ಆಗಲೇ ಬರೆದಿಟ್ಟಿದ್ದಾರೆ. ಅದಕ್ಕೂ ಮೊದಲು ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್, 1873ರಲ್ಲಿ ಭಾರತದ ಗಾಳದ ಬಗ್ಗೆ ಪುಸ್ತಕ ಬರೆದವರು, ಹೊಳೆಗಳಲ್ಲಿ ಮರಿಮೀನಿನ ನಾಶದ ಬಗ್ಗೆ ಸರ್ಕಾರದ ಗಮನ ಸೆಳೆದಿದ್ದರು. ಅಂದರೆ ಇದು ಇವತ್ತು ನಿನ್ನೆಯ ತಕರಾರಲ್ಲ.

ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಪ್ರವೇಶವೇ ಇಲ್ಲ. ಅದರ 29ನೇ ಕಲಮಿನ ಪ್ರಕಾರ ಅಲ್ಲಿನ ವನ್ಯಜೀವಿಗೆ ಹಾನಿ ಮಾಡೋದು, ತೆಗೆದುಕೊಂಡು ಹೋಗೋದು ನಿಷಿದ್ಧ. ಭೀಮೇಶ್ವರಿ, ಗಾಳಿಬೋರೆಗಳು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಪ್ರದೇಶ. ಹಿಡಿದು ಬಿಡ್ತೀವಿ ಅಂದರೂ ಅಭಯಾರಣ್ಯದೊಳಗೆ ಗಾಳ ಸರಿಯಲ್ಲ ಅನ್ನೋ ನಿಲುವು ಗಟ್ಟಿಯಾಗಿ ಅಲ್ಲಿನ ಗಾಳ ನಿಂತಿತು. ಗಾಳಿಬೋರೆಯ ಲೆಕ್ಕದ ಪುಸ್ತಕ 2012ಕ್ಕೆ ಮುಗಿಯೋದು ಅದಕ್ಕೇ. ಈಗ ಅವು ಕಾಡು ನೋಡೋ ಕ್ಯಾಂಪುಗಳು. ಹಾಗಾಗಿ ಊರಿಗೆ ಹೋದಾಗ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿಯಬಹುದಾ ಅಂತ ಕೇಳಿದವರಿಗೆ ಉತ್ತರ: ಹಳೆಯ ಯೂಟ್ಯೂಬ್ ವಿಡಿಯೋ ನೋಡಿಕೊಂಡು ರಾಡು ತೆಗೆದುಕೊಂಡು ಹೋಗಬೇಡಿ.

ಈ ನಿಷೇಧ ಸರಿಯಾ ತಪ್ಪಾ ಅನ್ನೋದರ ಬಗ್ಗೆ ಎರಡು ಪಕ್ಷ ಇದೆ. ಒಬ್ಬರು ಹೇಳ್ತಾರೆ: ಅಭಯಾರಣ್ಯ ಅಂದರೆ ಅಭಯ, ಆಟಕ್ಕೆ ಅಂತ ಪ್ರಾಣಿಯನ್ನು ನೋಯಿಸೋದಕ್ಕೆ ಅಲ್ಲಿ ಜಾಗ ಇಲ್ಲ. ಇನ್ನೊಬ್ಬರು ಹೇಳ್ತಾರೆ: ಗಾಳದವರು ಇದ್ದಾಗ ಹೊಳೆಗೆ ನೂರು ಕಣ್ಣಿತ್ತು, ಸಿಡಿಮದ್ದಿನವರು ಹೆದರ್ತಿದ್ದರು, ಊರಿನವರಿಗೆ ಕೂಲಿ ಸಿಗ್ತಿತ್ತು. ಎರಡೂ ಮಾತಿನಲ್ಲಿ ತೂಕ ಇದೆ. ನನಗೆ ಕಾಣೋದು ಇಷ್ಟು: ಗಾಳ ನಿಲ್ಲಿಸಿದಾಗ ಲೆಕ್ಕವೂ ನಿಂತಿತು. ಗಾಳ ಇಲ್ಲದೆಯೂ ಲೆಕ್ಕ ಇಡೋ ಏರ್ಪಾಡು ಮಾಡಬೇಕಿತ್ತು. ಲೆಕ್ಕ ಇಲ್ಲದೆ ಕಾಯೋದು ಅಂದರೆ ಕಣ್ಣು ಕಟ್ಟಿಕೊಂಡು ಕಾಯೋದು.

ಮೂರನೆಯದು ರಾಜ್ಯದ ಕಾಯ್ದೆಗಳು. ಒಳನಾಡಿನ ಮೀನುಗಾರಿಕೆ ರಾಜ್ಯಗಳ ವಿಷಯ. ಕರ್ನಾಟಕದಲ್ಲಿ 1996ರ ಒಳನಾಡು ಮೀನುಗಾರಿಕೆ ಕಾಯ್ದೆ, ಮಹಾರಾಷ್ಟ್ರದಲ್ಲಿ 1960ರ ಮೀನುಗಾರಿಕೆ ಕಾಯ್ದೆ. ಯಾವ ನೀರಿನಲ್ಲಿ, ಯಾವ ತಿಂಗಳಲ್ಲಿ, ಯಾವ ಬಲೆಯಲ್ಲಿ, ಯಾವ ಅನುಮತಿಯಿಂದ ಅನ್ನೋದನ್ನು ಇವುಗಳಡಿ ತೀರ್ಮಾನಿಸ್ತಾರೆ. ಕರ್ನಾಟಕದಲ್ಲಿ ಕ್ರಮಬದ್ಧವಾಗಿ ಗಾಳ ಹಾಕಬೇಕು ಅಂದರೆ ಕೊಡಗಿನ ವಾಲ್ನೂರು ಕಡೆಯ ಕಾವೇರಿ ಭಾಗ ಹೆಸರಾದದ್ದು. ಅಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪದ್ಧತಿ ಇದೆ, ಹಿಡಿದದ್ದನ್ನು ಬಿಡಲೇಬೇಕು. ಹೊರಡೋ ಮೊದಲು ಆ ವರ್ಷದ ನಿಯಮವನ್ನು ಅವರ ಹತ್ತಿರವೇ ಕೇಳಿಕೊಳ್ಳಿ.

ಪುಣೆಯ ಸುತ್ತಮುತ್ತ ಹೇಗೆ?

ಇಲ್ಲಿ ನಮ್ಮವರು ಎಡವೋದು ಒಂದೇ ಕಡೆ. ಸರ್ಕಾರದ ನೀರು, ಯಾರು ಬೇಕಾದರೂ ಗಾಳ ಹಾಕಬಹುದು ಅಂದುಕೊಳ್ತಾರೆ. ಹಾಗಲ್ಲ. ಜಲಾಶಯ ನೀರಾವರಿ ಇಲಾಖೆಯದ್ದಾದರೂ ಮೀನು ಹಿಡಿಯೋ ಹಕ್ಕನ್ನು ಸಾಮಾನ್ಯವಾಗಿ ಸ್ಥಳೀಯ ಮೀನುಗಾರರ ಸಹಕಾರಿ ಸಂಘಕ್ಕೆ ಗುತ್ತಿಗೆ ಕೊಟ್ಟಿರ್ತಾರೆ. ಮರಿ ತಂದು ಬಿಟ್ಟಿರೋದು ಅವರು, ದುಡ್ಡು ಕಟ್ಟಿರೋದು ಅವರು. ನಾವು ಹೋಗಿ ಗಾಳ ಹಾಕಿದರೆ ಅದು ಅವರ ಹೊಲಕ್ಕೆ ನುಗ್ಗಿ ಕಡಲೆ ಕಿತ್ತ ಹಾಗೆ. ಮುಳಶಿ, ವಲವಣ ಮುಂತಾದವು ಟಾಟಾದವರ ಕೆರೆಗಳು, ಅಲ್ಲಿ ಅವರ ಅನುಮತಿಯೂ ಬೇಕು. ಖಡಕ್‌ವಾಸಲಾ ಊರಿಗೆ ಕುಡಿಯೋ ನೀರು, ಪಕ್ಕದಲ್ಲೇ ಸೇನೆಯ ಅಕಾಡೆಮಿ. ಭೀಮಾಶಂಕರ, ತಾಮ್ಹಿಣಿ, ಕೋಯ್ನಾ ಅಭಯಾರಣ್ಯಗಳು, ಅಲ್ಲಿ ಗಾಳದ ಮಾತೇ ಬೇಡ.

ಮೊದಲು ಜಿಲ್ಲೆಯ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಅದಾದ ಮೇಲೆ ದಡದಲ್ಲಿ ಬಲೆ ಒಣಗಿಸ್ತಿರೋ ಹಿರಿಯರನ್ನು ಕೇಳಿ. ಮರಾಠಿ ಬರೋದಿಲ್ಲ ಅಂತ ಸಂಕೋಚ ಬೇಡ. 'ಕಾಕಾ, ಇಥೇ ಗಳ ಟಾಕಲಾ ತರ್ ಚಾಲೇಲ್ ಕಾ?' ಇಷ್ಟು ಸಾಕು. ನೋಡಿ, ನಮ್ಮ ಗಾಳಕ್ಕೆ ಮರಾಠಿಯಲ್ಲೂ ಗಳ ಅಂತಾನೇ ಹೇಳ್ತಾರೆ. ಆ ಒಂದು ಶಬ್ದಕ್ಕೇ ಅವರ ಮುಖ ಅರಳುತ್ತೆ. ಎಲ್ಲಿ ಹಾಕಬಹುದು, ಎಲ್ಲಿ ಬೇಡ, ಎಲ್ಲಿ ಕಾಲು ಜಾರುತ್ತೆ, ಯಾವಾಗ ಗೇಟು ತೆರೀತಾರೆ, ಎಲ್ಲ ಅವರೇ ಹೇಳ್ತಾರೆ. ಗೇಟಿನ ವಿಷಯ ತಮಾಷೆ ಅಲ್ಲ. ಅಣೆಕಟ್ಟಿನ ಕೆಳಗೆ ನೀರು ಏರೋದಕ್ಕೆ ನಿಮಿಷಗಳು ಸಾಕು.

ಮಳೆಗಾಲದ ಶುರುವಿನಲ್ಲಿ ಗಾಳ ಬೇಡವೇ ಬೇಡ. ಮೀನು ಮೊಟ್ಟೆ ಇಡೋ ಕಾಲ. ಹೊಸ ನೀರಿಗೆ ಮೀನು ಹತ್ತುತ್ತೆ, ಸುಲಭವಾಗಿ ಸಿಗುತ್ತೆ. ಸುಲಭವಾಗಿ ಸಿಗುತ್ತೆ ಅನ್ನೋದೇ ಆಗ ಹಿಡಿಯಬಾರದು ಅನ್ನೋದಕ್ಕೆ ಕಾರಣ.

ದೇವಸ್ಥಾನದ ಮಡುಗಳನ್ನಂತೂ ಹೇಳಬೇಕಾಗಿಯೇ ಇಲ್ಲ. ನಮ್ಮ ಶೃಂಗೇರಿ, ಶಿಶಿಲ, ಇಲ್ಲಿ ರಾಯಗಡ ಜಿಲ್ಲೆಯ ಸಾವಿತ್ರಿ ನದಿಯ ವಾಳಣ ಕೊಂಡ, ಇವೆಲ್ಲ ಮಹಶೀರ್ ನೂರಾರು ವರ್ಷ ನೆಮ್ಮದಿಯಾಗಿ ಬದುಕಿರೋ ಜಾಗಗಳು. ಯಾವ ಕಾಯ್ದೆಯೂ ಬರೋ ಮೊದಲೇ ಜನ ತಾವೇ ಹಾಕಿಕೊಂಡ ನಿಯಮ ಅದು.

ಮೀನು ಕೈಗೆ ಬಂದಾಗ

ಹಿಡಿದು ಬಿಡೋದು ಅಂದರೆ ಬಿಟ್ಟರೆ ಆಯಿತು ಅಂತಲ್ಲ. ಬಿಟ್ಟ ಮೀನು ಬದುಕಬೇಕು. ಹೀಗೆ ಮಾಡಿ:

1. ಒಂದೇ ಕೊಕ್ಕೆಯ ಗಾಳ ಬಳಸಿ, ಮೂರು ಕೊಕ್ಕೆಯದು ಬೇಡ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಬಿಡಿಸೋದು ಸುಲಭ, ಗಾಯ ಕಡಿಮೆ.

2. ತೆಳು ದಾರ ಕಟ್ಟಿ ಗಂಟೆಗಟ್ಟಲೆ ಆಡಿಸೋದು ಶೂರತನ ಅಲ್ಲ. ಮೀನು ಸುಸ್ತಾದಷ್ಟೂ ಬದುಕೋ ಸಾಧ್ಯತೆ ಕಡಿಮೆ. ಗಟ್ಟಿ ದಾರ ಬಳಸಿ, ಬೇಗ ದಡಕ್ಕೆ ತನ್ನಿ.

3. ಮುಟ್ಟೋ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ಕವಚ. ಒಣ ಕೈ, ಒಣ ಟವೆಲ್ಲು, ಕಾದ ಬಂಡೆ ತಾಗಿದರೆ ಅದು ಕಿತ್ತುಹೋಗುತ್ತೆ.

4. ಕಿವಿರಿಗೆ ಬೆರಳು ಹಾಕಬೇಡಿ. ಬಾಯಿಯಿಂದ ನೇತುಹಾಕಿ ಫೋಟೋ ಬೇಡ. ಮೀನು ನೀರಿನಲ್ಲೇ ಇರಲಿ, ನೀವೇ ನೀರಿಗಿಳಿದು ಫೋಟೋ ತೆಗೆಸಿಕೊಳ್ಳಿ. ನೀರಿನಿಂದ ಮೇಲೆತ್ತಿದರೆ ನೀವು ಉಸಿರು ಬಿಗಿ ಹಿಡಿದಷ್ಟು ಹೊತ್ತು ಮಾತ್ರ.

5. ಬಿಡುವಾಗ ತಲೆಯನ್ನು ಹರಿವಿನ ಎದುರಿಗೆ ಹಿಡಿದು ನಿಧಾನವಾಗಿ ಆಸರೆ ಕೊಡಿ. ಅದು ತಾನಾಗಿಯೇ ಬಾಲ ಬೀಸಿ ಹೋಗೋವರೆಗೆ ಕಾಯಿರಿ. ಎಸೆಯಬೇಡಿ.

6. ತುಂಡಾದ ನೈಲಾನ್ ದಾರವನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ. ದಡದಲ್ಲಿ ಬಿಟ್ಟರೆ ಹಕ್ಕಿಯ ಕಾಲಿಗೋ, ಆಮೆಯ ಕುತ್ತಿಗೆಗೋ ಸುತ್ತಿಕೊಳ್ಳುತ್ತೆ.

ಬಿಡೋದರಲ್ಲೂ ಒಂದು ನಿಯಮ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸೋದು: ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಬಿಡಬೇಡಿ.

ಪುಣ್ಯ ಬರುತ್ತೆ ಅಂತ ಮೀನುಮರಿ ತಂದು ಹೊಳೆಗೆ ಬಿಡೋರಿದ್ದಾರೆ. ಮನೆ ಬದಲಾಯಿಸುವಾಗ ಅಕ್ವೇರಿಯಂ ಮೀನನ್ನು ಹತ್ತಿರದ ಕೆರೆಗೆ ಸುರಿಯೋರಿದ್ದಾರೆ. ಪರಿಸರ ದಿನಕ್ಕೆ ಅಂತ ಕಂಪನಿಯ ಸಿಎಸ್‌ಆರ್ ದುಡ್ಡಿನಲ್ಲಿ ಮರಿ ತರಿಸಿ ಬಿಡೋಣ ಅನ್ನೋ ಉತ್ಸಾಹವೂ ಇರುತ್ತೆ. ಎಲ್ಲರದೂ ಒಳ್ಳೆಯ ಮನಸ್ಸೇ. ಕಾವೇರಿಗೆ ನೀಲಿ ರೆಕ್ಕೆಯನ್ನು ಬಿಟ್ಟವರದೂ ಒಳ್ಳೆಯ ಮನಸ್ಸೇ. ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್‌ಗಳು ನಮ್ಮ ಕೆರೆ ಹೊಳೆ ತುಂಬಿದ್ದೂ ಲಾಭ ಆಗುತ್ತೆ ಅಂದುಕೊಂಡೇ. ಒಮ್ಮೆ ಹೊಳೆಗೆ ಬಿಟ್ಟ ಮೀನನ್ನು ವಾಪಸ್ ಕರೆಯೋಕೆ ಆಗೋದಿಲ್ಲ. ಇದರಲ್ಲಿ ರೋಲ್‌ಬ್ಯಾಕ್ ಇ­ಲ್ಲ.

ಹಾಗಾಗಿ ಯಾರಾದರೂ ಮೀನುಮರಿ ಬಿಡೋ ಕಾರ್ಯಕ್ರಮಕ್ಕೆ ಕರೆದರೆ ಎರಡು ಪ್ರಶ್ನೆ ಕೇಳಿ: ಇದು ಯಾವ ಜಾತಿ? ಈ ಹೊಳೆಯದೇನಾ? ಉತ್ತರ ಬರದಿದ್ದರೆ ಆ ದುಡ್ಡನ್ನು ದಡದ ಪ್ಲಾಸ್ಟಿಕ್ ಎತ್ತೋದಕ್ಕೆ ಖರ್ಚು ಮಾಡಿಸಿ.

ಮತ್ತೆ, ಗಾಳ ಹಾಕಲು ಅನುಮತಿ ಸಿಕ್ಕಿ ಹೋದಾಗಲೆಲ್ಲ ಒಂದು ಚಿಕ್ಕ ಲೆಕ್ಕ ಬರೆದಿಡಿ. ತಾರೀಕು, ಜಾಗ, ಎಷ್ಟು ಗಂಟೆ ಕೂತಿರಿ, ಯಾವ ಮೀನು, ಎಷ್ಟು ಉದ್ದ. ಏನೂ ಸಿಗಲಿಲ್ಲ ಅಂದರೆ 'ಏನೂ ಇಲ್ಲ' ಅಂತಲೂ ಬರೆಯಿರಿ, ಅದೂ ಲೆಕ್ಕವೇ. 'ಮೀನು' ಅಂತ ಮಾತ್ರ ಬರೀಬೇಡಿ, ಯಾವ ಮೀನು ಅಂತ ಬರೆಯಿರಿ. ಗೊತ್ತಾಗದಿದ್ದರೆ ದಡದ ಕಾಕಾ ಅವರನ್ನು ಕೇಳಿ, ಅವರು ಹೇಳೋ ಮರಾಠಿ ಹೆಸರನ್ನೇ ಬರೆದುಕೊಳ್ಳಿ. ಗಾಳಿಬೋರೆಯ ಪುಸ್ತಕದಲ್ಲಿ ಜಾತಿವಾರು ಬರೆದಿಡದೇ ಇದ್ದಿದ್ದರೆ ಡುಬ್ಬದ ಮಹಶೀರ್ ಕಡಿಮೆಯಾಗಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಾಗ್ತಿರಲಿಲ್ಲ.

 ನಿಮ್ಮೂರಿನ ಹೊಳೆಯಲ್ಲಿ ಯಾವ ಯಾವ ಮೀನಿತ್ತು, ಅಲ್ಲಿ ಏನಂತ ಕರೀತಿದ್ದರು, ಮನೆಯ ಹಿರಿಯರನ್ನು ಕೇಳಿ ನಮಗೂ ಬರೆದು ಕಳಿಸಿ. ಭೀಮೆ, ಕೃಷ್ಣೆ, ಘಟಪ್ರಭೆ, ತುಂಗೆ, ಕಾವೇರಿ, ಯಾವ ದಡದ ಹೆಸರಾದರೂ ಸರಿ.